ಹಚ್ಚೆ ಸುಟ್ಟ ಕೈ

ಹಮ್ಮಿಗಿ, ೧೯೫೭

ಬೆಟಗೇರಿಯಲ್ಲಿರುವ ನಮ್ಮ ಯಜಮಾನರಿಗೆ ನಮಸ್ಕಾರ.

ನಾನು ತವರಿಗೆ ಬಂದು ಮುಟ್ಟಿದ್ದೇನೆ. ಕೈಯಿಂದ ಇನ್ನೂ ಕೀವು ಸೋರುತ್ತಿದೆ.

ಮದುವೆಗೆ ಮುಂಚೆ ಅತ್ತೆಯವರು, "ಹಚ್ಚಿ ಇಲ್ಲದ ಕೈಯಾಗ ನಾ ನೀರ ಕುಡಿಯಂಗಿಲ್ಲ" ಎಂದಿದ್ದರು. ಸೆರಗು ಕಚ್ಚಿ ಹಿಡಿದು ಮುಂಗೈ ತುಂಬ ಚುಚ್ಚಿಸಿಕೊಂಡೆ. ನೀವೂ ನೋಡಿ ಮೆಚ್ಚಿದಿರಿ. ಆಮೇಲೆ ರಾಜ್ಯ ಒಂದಾಯಿತು, ನಿಮಗೆ ಕಚೇರಿಯಲ್ಲಿ ನೌಕರಿಯಾಯಿತು. ಮೊನ್ನೆ ಚಹಾ ಕೊಡುವಾಗ ಸಾಹೇಬರ ಹೆಂಡತಿ ನನ್ನ ಕೈ ನೋಡಿ ಮೂಗು ಮುರಿದರು. ಅಷ್ಟಕ್ಕೇ ನೀವು, "ಸುಮ್ನ ಕುಂಡ್ರ ಶಂಕ್ರಿ, ಹಳ್ಳಿ ಗುರ್ತು ಅಳಿಸಿ ಹೋಗ್ಲಿ" ಎಂದು ಸುಣ್ಣ, ಬಟ್ಟೆ ಸೋಡಾ ಕಲಸಿ ಮೆತ್ತಿ, ನಾನು ಚೀರಿದರೂ ಕೈ ಬಿಡಲಿಲ್ಲ.

ಕರೆಯಲು ಬರಬೇಡಿ. ನನ್ನ ಟ್ರಂಕನ್ನು ಯಾರ ಕೈಯಲ್ಲಾದರೂ ಕಳಿಸಿ.

ಹಚ್ಚೆ ಹೋಗಿಲ್ಲ, ಅದರ ಮೇಲೆ ಗಾಯವಾಗಿದೆ ಅಷ್ಟೆ. ಹೊಳೆಗೆ ಹೋದರೆ ಹೆಂಗಸರು, "ಯಾರ ಸುಟ್ಟರವ್ವಾ ಈ ಕೈ?" ಎಂದು ಕೇಳುತ್ತಾರೆ. ಗಂಡನ ಹೆಸರು ಬಾಯಿ ಬಿಟ್ಟು ಹೇಳಬಾರದೆಂದು ಅವ್ವ ಕಲಿಸಿದ್ದಳು. ಮದುವೆಯಲ್ಲಿ ಒಡಪು ಕಟ್ಟಿ ಹಾಡಿನೊಳಗೆ ನಿಮ್ಮ ಹೆಸರು ಹೇಳುವಾಗಲೂ ನಾಚಿ ಸೆರಗು ಮರೆಮಾಡಿದ್ದೆ. ಈಗ ಕೇಳಿದವರಿಗೆಲ್ಲ ನೆಟ್ಟಗೆ ಹೇಳುತ್ತಿದ್ದೇನೆ: "ಗಾಳೆಪ್ಪ ಸುಟ್ಟಾನ."

ಹಮ್ಮಿಗಿಯ ಶಂಕ್ರೆವ್ವ