ಅಮ್ಮ ಕಚ್ಚಿಟ್ಟ ರೊಟ್ಟಿ

ಬುವಿಜಾನ್, ನನ್ನ ಮುದ್ದು ಅಜ್ಜಿ,

ಆಟ ಮುಗೀತು, ಶರಣಾಗಿ!

ಅಪ್ಪ ಅಮ್ಮ ಗೆಳೆಯರ ಜೊತೆ ವಿಯೆನ್ನಾ, ಪ್ರಾಗ್, ಪ್ಯಾರಿಸ್ ಸುತ್ತೋಕೆ ಹೊರಟಾಗ, ನಮ್ಮ ಪದ್ಧತಿ ಪ್ರಕಾರ, ಕ್ಷೇಮವಾಗಿ ಬಂದು ಉಳಿದಿದ್ದನ್ನ ಅವರೇ ತಿನ್ಲಿ ಅಂತ ಒಂದೊಂದು ರೊಟ್ಟಿ ಕಚ್ಚಿಸಿ ಗೋಡೆಗೆ ನೇತುಹಾಕಿದ್ದು ನೀವೇ. ಅಪ್ಪಂದು ಈಗ ಕಲ್ಲಾಗಿದೆ. ಅಮ್ಮಂದು ಮಾತ್ರ ಇನ್ನೂ ಮೆತ್ತಗಿದೆ, ಹೆಂಗೆ? ಕಚ್ಚಿದ ಜಾಗದಲ್ಲಿ ಒಂದು ಹಲ್ಲಿನ ಗುರುತೂ ಇಲ್ಲ! ಈ ಮನೇಲಿ ಬೊಚ್ಚುಬಾಯಿ ಯಾರದ್ದು?

ಹಳೇದನ್ನ ಚಹಾದಲ್ಲಿ ಅದ್ದಿ ತಿಂದು, ಚೋರ್ಸು ಬಜಾರಿಂದ ಹೊಸದು ತಂದ್ರಾ? ಗೊತ್ತಾದ್ರೆ ಅಮ್ಮ, ‘ನಾನು ವಾಪಸ್ ಬರೋದೇ ಅತ್ತೆಗೆ ಬೇಡವಾಗಿತ್ತು’ ಅಂತ ಅಳ್ತಾರೆ.

ಅವರನ್ನ ಕರ್ಕೊಂಡು ಬರೋಕೆ ಏರ್‌ಪೋರ್ಟಿಗೆ ಹೊರಟೆ. ಅಷ್ಟರಲ್ಲಿ ರೊಟ್ಟಿನ ಒಲೆ ಮೇಲಿಟ್ಟು ಒಣಗಿಸಿ. ಅದೇ ಜಾಗದಲ್ಲಿ ನಾನೂ ಕಚ್ಚಿದೀನಿ. ನನ್ನ ಹಲ್ಲು ಅಮ್ಮಂದೇ ಪಡಿಯಚ್ಚು.

ಈ ಚೀಟಿನ ಒಲೆಗೆ ಹಾಕಿ. ತಿನ್ಬೇಡಿ.

ಮೀರ್‌ಶೋದ್