ನನ್ನ ಪೂಜೆ ಮೊದಲು

ಜೂನ್ 3, ಬೆಳಗಿನ ಜಾವ
ಇವತ್ತೂ ಇಲ್ಲ. ಊಟವಾಯಿತು, ಮಾತ್ರೆಯಾಯಿತು, ನಿದ್ದೆ ಮಾತ್ರ ಇಲ್ಲ. ಕಣ್ಣು ಮುಚ್ಚಿದರೆ ಒಳಗೆ ಯಾರೋ ಟ್ಯೂಬ್‌ಲೈಟ್ ಹಾಕಿದ ಹಾಗೆ. ಪಕ್ಕದಲ್ಲಿ ನಮ್ಮ ಯಜಮಾನರು, ರೇವಣಪ್ಪನವರು — ಹುಣಸೆಹಣ್ಣಿನ ಮಂಡಿ ಬಾಗಿಲು ಹಾಕಿ ಬಂದು ಮಲಗಿದ್ದೇ ತಡ, ಗೊರಕೆ. ಹೊಟ್ಟೆ ಉರಿಯುತ್ತೆ. ಕೀಮೋಗೆ ಕೂದಲು ಹೋಯಿತು, ಅಳಲಿಲ್ಲ. ನಿದ್ದೆ ಹೋದದ್ದಕ್ಕೆ ಅಳು ಬರುತ್ತೆ.

ಜೂನ್ 6
ಬೆಂಗಳೂರಿಗೆ ಹೋಗಿ ಸುಮ್ಮನೆ ವಾಪಸ್. ನಿದ್ದೆಯಿಲ್ಲದೆ ಬಿಪಿ ಏರಿದೆ, ಈ ಸಲ ಕೀಮೋ ಬೇಡ, ಹದಿನೈದು ದಿನ ಬಿಟ್ಟು ಬನ್ನಿ ಎಂದರು ಡಾಕ್ಟರು. ಹೀಗೆ ಮುಂದಕ್ಕೆ ಹಾಕುತ್ತಾ ಹೋದರೆ ಕುತ್ತಿಗೆಯ ಗಡ್ಡೆ ನನಗಾಗಿ ಕಾಯುತ್ತಾ ಕೂತಿರುತ್ತದೆಯೇ? ರೈಲಿನಲ್ಲಿ ಇವರು, "ಎಲ್ಲಾ ಸರಿಹೋಯ್ತದೆ ಕಣೇ" ಎಂದರು. ಮುಂದಿನ ಸಲ ಕೀಮೋ ಹಾಕಿಸಿಕೊಂಡೇ ಬರುವುದು. ಅಷ್ಟೇ.

ಜೂನ್ 10, ಕಲ್ಯಾಣದುರ್ಗ
ತಂಗಿ ಗಂಗಾದೇವಿ ಕಾರು ತಂದು ತನ್ನ ಮನೆಗೆ ಕರೆದುಕೊಂಡು ಬಂದಳು. ಅಡುಗೆಮನೆಗೆ ಕಾಲಿಡಲೂ ಬಿಡುವುದಿಲ್ಲ. "ನೀನು ಸ್ನಾನ ಮಾಡ್ಕೊಂಡು ಲಿಂಗಪೂಜೆಗೆ ಕೂತ್ಕೋ ಕಣಕ್ಕಾ. ಉಪ್ಪಿಟ್ಟು ನಾನು ತತ್ತೀನಿ." ಬಿಸಿಲು ಬರುವಷ್ಟರಲ್ಲಿ ಪೂಜೆ, ತಿಂಡಿ, ಮಾತ್ರೆ ಎಲ್ಲ ಮುಗಿದಿತ್ತು.

ಜೂನ್ 12
ಮಲಗಿದೆ! ಕೋಳಿ ಕೂಗಿದ್ದೂ ಗೊತ್ತಾಗಲಿಲ್ಲ. ಗಂಗಾ ಎದುರುಮನೆಯಾಕೆಗೂ ಹೇಳಿ ಬಂದಳು. "ಮಾ ಊರಿ ಗಾಲಿ ಅಟ್ಲಾಂಟಿದಿ" ಎಂದಳಂತೆ ಆಕೆ. ಅವರೂರ ಗಾಳಿ ಅಂಥದ್ದಂತೆ. ತಾನೇ ಬೀಸಿದ ಹಾಗೆ!

ಜೂನ್ 15, ಹಿಂದೂಪುರ
ಮನೆಗೆ ಬಂದೆ, ನಿದ್ದೆ ಅಲ್ಲೇ ಉಳಿಯಿತು. ಗಾಳಿಯಂತೆ, ಮಣ್ಣಂತೆ!

ಜೂನ್ 16
ಹೊಳೆಯಿತು. ಇಲ್ಲಿ ಮೊದಲು ಇವರ ಕಾಫಿ, ತಿಂಡಿ, ಡಬ್ಬಿ. ಇವರು ಮಂಡಿಗೆ ಹೋದ ಮೇಲೆ ಮನೆಗೆಲಸ, ಆಮೇಲೆ ನನ್ನ ಸ್ನಾನ, ಪೂಜೆ. ಪೂಜೆಯಾಗದೆ ತೊಟ್ಟು ನೀರೂ ಕುಡಿದವಳಲ್ಲ ನಾನು. ಹಾಗಾಗಿ ಬೆಳಗಿನ ಸ್ಟೆರಾಯ್ಡ್ ಮಾತ್ರೆ ಮಧ್ಯಾಹ್ನಕ್ಕೆ, ಮಧ್ಯಾಹ್ನದ್ದು ರಾತ್ರಿ ಊಟದ ಮೇಲೆ...
ಆಸ್ಪತ್ರೆಯ ನರ್ಸ್ ರಮ್ಯಾಗೆ ಫೋನ್ ಮಾಡಿದೆ. "ಅಯ್ಯೋ ಅಮ್ಮಾ, ಅದನ್ನ ರಾತ್ರಿ ತಗೊಂಡ್ರೆ ನಿದ್ದೆ ಎಲ್ಲಿ ಬರುತ್ತೆ? ಒಂದು ಕೇಳಬಾರದಿತ್ತಾ?" ಕೇಳಬೇಕಿತ್ತು. ನನ್ನ ಬುದ್ಧಿಗಿಷ್ಟು!
ಪೂಜೆ ಬಿಡುವುದಿಲ್ಲ. ಮಾತ್ರೆಯನ್ನೂ ಬಿಡುವುದಿಲ್ಲ. ಬಿಡಬೇಕಾದದ್ದು ಇವರ ಕಾಫಿ ಮಾಡುವುದನ್ನು.

ಜೂನ್ 17
"ಕಾಫಿ ಎಲ್ಲೇ?"
"ಡಿಕಾಕ್ಷನ್ ಐತೆ, ಹಾಲೈತೆ, ಗ್ಯಾಸ್ ಐತೆ. ನನ್ನ ಪೂಜೆ ಮೊದಲು ಕಣ್ರೀ."
ಒಳಗೆ ಹೋಗಿ ಹಾಲು ಉಕ್ಕಿಸಿದರು. ಪೂಜೆಯಿಂದ ಏಳಲಿಲ್ಲ ನಾನು.

ಜೂನ್ 19, ರಾತ್ರಿ
ಗಾಢ ನಿದ್ದೆಯಲ್ಲಿದ್ದೆ. ಭುಜ ಹಿಡಿದು ಅಲ್ಲಾಡಿಸಿ ಎಬ್ಬಿಸಿಬಿಟ್ಟರು! "ಮಂಗ್ಳಾ, ಮಂಗ್ಳಾ, ಏಳೇ!"
ಮೈಯೆಲ್ಲ ಉರಿದುಹೋಯಿತು. "ಎಷ್ಟು ದಿನಕ್ಕೆ ಬಂದ ನಿದ್ದೆ, ಕೆಡಿಸ್ಬುಟ್ರಲ್ಲಾ! ಏನಾಯ್ತು ನಿಮಗೆ?"
"ದಿನಾ ಹೊರಳಾಡ್ತಿದ್ದೆ. ಇವತ್ತು ಅಲ್ಲಾಡ್ಲೇ ಇಲ್ಲ ನೀನು... ನಾನು ಏನಂದ್ಕಳ್ಳಿ?"
ನನ್ನ ಎಡಗೈ ಗಟ್ಟಿಯಾಗಿ ಹಿಡಿದುಕೊಂಡರು. ಬಯ್ಯಲು ಬಾಯಿಗೆ ಬಂದದ್ದೆಲ್ಲ ಅಲ್ಲೇ ನಿಂತಿತು. "ಸತ್ತಿಲ್ಲ ಕಣ್ರೀ, ಮಲಗಿದ್ದೀನಿ" ಎಂದೆ. ಮಗುವಿನ ಹಾಗೆ ಅತ್ತುಬಿಟ್ಟರು.
ಎಡಗೈ ಇನ್ನೂ ಬಿಟ್ಟಿಲ್ಲ. ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ. ನಾಡಿದ್ದು ಬೆಂಗಳೂರು. ಬಿಪಿ ಇಳಿದಿರಲೇಬೇಕು, ಕೀಮೋ ಆಗಲೇಬೇಕು. ನಿದ್ದೆಗೆ ಕಣ್ಣು ಎಳೆಯುತ್ತಿದೆ. ಇನ್ನೊಂದು ಸಲ ಎಬ್ಬಿಸಲಿ ನೋಡೋಣ, ನಾನು ಇವರನ್ನ