ಹಿತ್ತಲಿನ ಭಾವನವರ ಕ್ಷೇಮಸಮಾಚಾರ

ಅತ್ತೆಮ್ಮನವರಿಗೆ,

ನಿಮ್ಮ ಸೊಸೆ ಸಾವಿತ್ರಿ ಮಾಡುವ ನಮಸ್ಕಾರ. ಬಾಯಿ ಮುಚ್ಚದ ಸೊಸೆ ಅಂತ ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದಿರಲ್ಲ, ಅವಳೇ. ನೀವು ಕಣ್ಣುಮುಚ್ಚಿದ ಮೇಲೆ ನನ್ನ ಮಾತಿಗೆ ಎದುರುಮಾತು ಕೊಡುವವರಿಲ್ಲದೆ ಬೇಜಾರಾಗಿದೆ, ಅದಕ್ಕೇ ಈ ಕಾಗದ. ಹಿತ್ತಲಿನ ಹೊಂಗೆ ಹೂ ಬಿಟ್ಟಿದೆ. ಬೆಳಿಗ್ಗೆ ಅದರ ನೆರಳಲ್ಲಿ ಮಗ್ಗಕ್ಕೆ ಏರಿಸುವ ರೇಷ್ಮೆ ಎಳೆಗಳ ಹಾಸು ಎಳೆದು ಕಟ್ಟಿದ್ದೆವು, ಎಳೆಗಳ ಮೇಲೆಲ್ಲ ಹೂ ಉದುರಿತು. "ಉದುರ್ಲಿ ಬುಡಮ್ಮಿ, ಆಸೀರ್ವಾದ" ಅನ್ನುತ್ತಿದ್ದಿರಿ. ಆಶೀರ್ವಾದ ಮನೆಮಂದಿಗೆಲ್ಲ, ಕೂತು ಕೊಡವುವ ಕೆಲಸ ಮಾತ್ರ ನನಗೆ!

ಯಳಂದೂರಿನಿಂದ ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದ ದಿನ ನೆನಪಿದೆಯೇ? ಅಡಿಗೆಮನೆ ತೋರಿಸುವ ಮೊದಲೇ ನನ್ನ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋಗಿ ಮರದ ಮುಂದೆ ನಿಲ್ಲಿಸಿದಿರಿ. "ಇವ್ನು ನನ್ ದೊಡ್ ಮಗ ಕಣಮ್ಮಿ. ನಿನ್ ಗಂಡ ಉಟ್ಟೋಕ್ ಮುಂಚೇನೇ ನಾನು ನೆಟ್ಟು ಸಾಕ್ದೋನು. ನಿಂಗೆ ಭಾವ ಆಗ್ಬೇಕು, ಸೆರ್ಗು ಒದ್ಕೊ." ನಾನು ಹೆದರಿ ಸೆರಗು ಹೊದ್ದುಕೊಂಡೆ. ಅಪ್ಪ ನನ್ನನ್ನು ಎಂಥಾ ಮನೆಗೆ ಕೊಟ್ಟುಬಿಟ್ಟರಪ್ಪಾ ಅಂತ ಅಳುವೇ ಬಂದಿತ್ತು. ಆಮೇಲಾಮೇಲೆ ಹಿತ್ತಲಲ್ಲಿ ಸೀರೆ ಮೇಲೆತ್ತಿ ಕಟ್ಟಿಕೊಂಡು ಬಟ್ಟೆ ಒಗೆಯುವಾಗ ನಾನೇ ಒಮ್ಮೆ ತಿರುಗಿ ನೋಡಿ, ಭಾವನವರು ಆಚೆ ಕಡೆ ತಿರುಗಿದ್ದಾರೆ ಅಂತ ಧೈರ್ಯ ತಂದುಕೊಳ್ಳುತ್ತಿದ್ದೆ.

ಒಂದು ಸಲ ಉದುರಿದ ಎಲೆಗಳನ್ನೆಲ್ಲ ಗುಡಿಸಿ ಬೆಂಕಿ ಹಚ್ಚಲು ಹೋಗಿದ್ದೆ. ನೀವು ಕಡ್ಡಿಪೆಟ್ಟಿಗೆ ಕಿತ್ತುಕೊಂಡು ಮಡಿಲಿಗೆ ಹಾಕಿಕೊಂಡಿರಿ. ಎಲೆಗೋಸ್ಕರ ಬಂಡಳ್ಳಿಯಿಂದ ರೈತರು ಗಾಡಿ ಕಟ್ಟಿಕೊಂಡು ಬರುತ್ತಿದ್ದರು, ಗದ್ದೆಯ ಗೊಬ್ಬರಕ್ಕೆ. ಹೋಗುವಾಗ ಒಂದು ಮಂಕರಿ ಅವರೆಕಾಯಿ ಇಟ್ಟು ಹೋಗುತ್ತಿದ್ದರು. ಬೀಜ ಗಾಣಕ್ಕೆ ಹೋಗಿ ದೀಪದ ಎಣ್ಣೆಯಾಗುತ್ತಿತ್ತು. ಬಿಸಿಲಲ್ಲಿ ಒಣಗಿದ ರೇಷ್ಮೆ ಟಪಟಪ ಹರಿಯುತ್ತದೆ, ಈ ನೆರಳಲ್ಲಿ ಒಣಗಿದ್ದು ಮೆತ್ತಗಿರುತ್ತದೆ ಅಂತ ನನ್ನ ಬೆರಳು ಹಿಡಿದು ಎಳೆ ಮುಟ್ಟಿಸಿ ತೋರಿಸಿದ್ದೂ ನೀವೇ. ಆ ಮರದಲ್ಲಿ ಬೇಡವಾದದ್ದು ಅಂತ ನಿಮಗೆ ಏನಾದರೂ ಇತ್ತೇ?

ಒಂದೇ ಒಂದು ಇತ್ತು, ಕತ್ತಲು. ಹಿಂದಿನ ಕೋಣೆಯಲ್ಲಿ ಮಗ್ಗ, ಅದರ ಕಿಟಕಿಗೆ ಅಡ್ಡವಾಗಿ ನಿಮ್ಮ ದೊಡ್ಡ ಮಗ. ಕೊಂಬೆ ಸವರಿದರೆ ಮತ್ತೆ ಎರಡರಷ್ಟು ಚಿಗುರುತ್ತಿದ್ದ. ದೀಪ ಹಚ್ಚಿ ನೇಯೋಣವೆಂದರೆ ಆ ಬೆಳಕಿನಲ್ಲಿ ನೇರಳೆಯೂ ಕಪ್ಪೇ, ನೀಲಿಯೂ ಕಪ್ಪೇ. ನಿಮ್ಮ ಚಿಕ್ಕ ಮಗ, ಅಂದರೆ ನನ್ನ ಯಜಮಾನರು, ಒಂದು ಮದುವೆ ಸೀರೆಯ ಅಂಚಿಗೆ ಬೇರೆ ಬಣ್ಣ ಹಾಕಿ ಗೇಣುದ್ದ ನೇಯ್ದುಬಿಟ್ಟಿದ್ದರಲ್ಲ, ಬಿಚ್ಚುವಾಗ ಅವರ ಕಣ್ಣಿಂದ ನೀರು ಸುರಿಯುತ್ತಲೇ ಇತ್ತು. ಆಸ್ಪತ್ರೆಯಲ್ಲಿ ಡಾಕ್ಟರು, "ಹೀಗೇ ಕತ್ತಲಲ್ಲಿ ಕೂತರೆ ಮಗ್ಗವನ್ನೇ ಬಿಡಬೇಕಾಗುತ್ತೆ" ಅಂದರು. ಮಗ್ಗ ಬಿಟ್ಟು ಇವರು ಏನು ಮಾಡಬೇಕಿತ್ತು? ಬೇರೆ ಏನು ಗೊತ್ತಿತ್ತು ಇವರಿಗೆ?

ಆ ವಾರದಲ್ಲೇ ಒಂದು ಬೆಳಿಗ್ಗೆ ನೀವೇ ಮರ ಕಡಿಯುವವನನ್ನು ಕರೆಸಿದಿರಿ. ಅವನು ಕೊಡಲಿ ಪಕ್ಕಕ್ಕಿಟ್ಟುಕೊಂಡು ಒಗೆಯುವ ಕಲ್ಲಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ. ನೀವು ಮರಕ್ಕೆ ಅರಿಸಿನ ಕುಂಕುಮ ಇಟ್ಟು, "ಕಣ್ ಮುಖ್ಯ ಕಣಪ್ಪಾ, ತಮ್ಮನ್ ಮ್ಯಾಲೆ ಕ್ವಾಪ ಮಾಡ್ಕಬ್ಯಾಡ" ಅಂತ ಅದರ ಕಿವಿಗೆ ಹೇಳುವಂತೆ ಹೇಳಿದಿರಿ. ಅದನ್ನು ಕೇಳಿ ನಾನು ಒಳಗಿನಿಂದಲೇ ಕೂಗಿದೆ, "ಅತ್ತೆಮ್ಮಾ, ಮಗ್ಗಾನೇ ಮುಂದಿನ ಪಡಸಾಲೆಗೆ ಆಕುದ್ರೆ ಆಗಲ್ವಾ?"

ಅಲ್ಲೇ ನಿಂತಿದ್ದ ಮಾವನವರ ತಮ್ಮ, ಚಿಕ್ಕಮಾವನವರು, ರೇಗಿದರು. "ಅದೇನ್ ಮಂಚಾನಾ ಎತ್ತಿ ಆಕಕ್ಕೆ? ಗುಂಡಿ ಮಗ್ಗ ಕಣಮ್ಮಿ. ನಮ್ಮಣ್ಣ ಕಾಲ್ ಇಳಿಬುಟ್ಟು ಬದುಕ್ದ ಗುಂಡಿ ಅದು. ಇರೀಕ್ರು ಕೂತ ಗುಂಡೀನ ಮುಚ್ಬಾರ್ದು."

"ಗುಂಡಿ ಮುಚ್ಬಾರ್ದು ಸರಿ. ದೊಡ್ ಮಗನ್ನ ಕಡೀಬೋದಾ?" ಅಂದುಬಿಟ್ಟೆ. ತೀರಿಕೊಂಡ ಮಾವನವರ ಗುಂಡಿಯನ್ನೇ ಹೀಗಳೆದ ಹಾಗಾಯಿತಲ್ಲ, ಇವತ್ತು ನನ್ನನ್ನು ಯಳಂದೂರಿನ ಬಸ್ಸು ಹತ್ತಿಸುತ್ತಾರೆ ಅಂದುಕೊಂಡೆ. ನೀವು ಕಣ್ಣು ಮಿಟುಕಿಸದೆ ನನ್ನನ್ನೇ ನೋಡಿ, ಆಮೇಲೆ ನಗತೊಡಗಿದಿರಿ. ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ಏಳ್ರೋ, ಪಡಸಾಲೇಲಿರೋ ನನ್ ಮಂಚ ಎತ್ರೋ" ಅಂದಿರಿ. ಕಡಿಯಲು ಬಂದವನ ಕೈಗೆ ಹಾರೆ ಕೊಟ್ಟು ಅವನಿಂದಲೇ ಹೊಸ ಗುಂಡಿ ಅಗೆಸಿದಿರಿ. ಅಗೆದ ಮಣ್ಣು ಎಲ್ಲಿಗೆ ಅಂತ ಅವನು ಕೇಳಿದರೆ, "ಅಳೇ ಗುಂಡಿಗೆ. ನಮ್ಮನೇಲಿ ಯಾವ್ದೂ ಆಚೆ ಓಗಲ್ಲ" ಅಂದಿರಿ. ಗುಂಡಿ ಮುಚ್ಚುವ ಮುಂಚೆ ಅದಕ್ಕೊಂದು ತೆಂಗಿನಕಾಯಿ ಒಡೆದು, ಮಾವನವರಿಗೆ ಹೊಸ ವಿಳಾಸ ತಿಳಿಸಿದ್ದೂ ಆಯಿತು.

ಹೊಸ ಗುಂಡಿಗೆ ಅಳತೆ ತೆಗೆಯುವಾಗ ತಾನೇ ನಿಜ ಸಂಗತಿ ಗೊತ್ತಾದದ್ದು! ಹಳೆಯದು ಮಾವನವರ ಉದ್ದ ಕಾಲಿಗೆ ತೋಡಿದ್ದು. ಇವರ ಹಿಮ್ಮಡಿ ತಳ ಮುಟ್ಟುತ್ತಲೇ ಇರಲಿಲ್ಲ. ಇಷ್ಟು ವರ್ಷವೂ ತುದಿಗಾಲಲ್ಲೇ ಮಗ್ಗ ತುಳಿದು, ಸೊಂಟನೋವು ಅಂತ ನರಳುತ್ತಿದ್ದರು. "ಯಾಕ್ಲಾ ಏಳ್ಲಿಲ್ಲ?" ಅಂತ ನೀವು ಕೇಳಿದರೆ, "ಅಪ್ಪುನ್ ಗುಂಡಿ ಅಲ್ವಾ, ಇಂಗೇ ಇರ್ತದೆ ಅನ್ಕಂಡೆ ಕಣವ್ವಾ" ಅಂದರು. ನೀವು ತಲೆ ಚಚ್ಚಿಕೊಂಡಿರಿ. ಬೀದಿ ಕಿಟಕಿಯ ಬೆಳಕಲ್ಲಿ, ಪಾದ ಪೂರ್ತಿ ಊರಿ ಇವರು ಮೊದಲ ಸಲ ಲಾಳಿ ಹೊಡೆದಾಗ ನನಗೆ ಕುಣಿಯುವಷ್ಟು ಸಂತೋಷವಾಗಿತ್ತು. ನೀವು ಹಿಂದಿನ ಕೋಣೆಗೆ ಮಂಚ ಹಾಕಿಸಿಕೊಂಡು, ಬೇಸಿಗೆಯೆಲ್ಲ ದೊಡ್ಡ ಮಗನ ಗಾಳಿ ಕುಡಿಯುತ್ತ ಮಲಗಿದಿರಿ.

ಈಗ ನಿಮಗೆ ಗೊತ್ತಿಲ್ಲದ ಸುದ್ದಿ. ನೀವು ಹೋದಾಗ ಇನ್ನೂ ನಿಮ್ಮ ಸೊಂಟ ಹಿಡಿದು ಓಡಾಡುತ್ತಿದ್ದ ಮೊಮ್ಮಗ ರಂಗ ಈಗ ಬಾಗಿಲಿಗೆ ತಲೆ ಬಗ್ಗಿಸಿ ಬರುತ್ತಾನೆ. ಥೇಟ್ ಮಾವನವರ ಕಾಲು. ಅಪ್ಪನ ಗುಂಡಿಯಲ್ಲಿ ಕೂತರೆ ಮಂಡಿ ಎದೆಗೆ ಬರುತ್ತದೆ. ನಾವು ಮುಚ್ಚಿದೆವಲ್ಲ, ಅದೇ ಗುಂಡಿ ಇವನಿಗೆ ಹೇಳಿ ಮಾಡಿಸಿದ ಹಾಗಿತ್ತು, ನಗಬೇಡಿ! ಬೆಳಿಗ್ಗೆ ಅಪ್ಪ, ಮಧ್ಯಾಹ್ನ ಮಗ ನೇಯುವುದು. ಗುಂಡಿಯನ್ನು ಆಳ ಮಾಡಿದರೆ ಇವರ ಕಾಲು ಮತ್ತೆ ಗಾಳಿಯಲ್ಲಿ, ಬಿಟ್ಟರೆ ಅವನ ಮಂಡಿ ಹಾಳು. ಮತ್ತೇನು ಮಾಡುವುದು?

ಹೋದ ಮಳೆಗಾಲದ ಗಾಳಿಗೆ ಭಾವನವರ ಒಂದು ದೊಡ್ಡ ಕೊಂಬೆ ತಾನಾಗಿ ಮುರಿದು ಬಿದ್ದಿತ್ತು. ಒಣಗಲೆಂದು ಸೂರಿನಡಿ ಇಟ್ಟಿದ್ದೆ. ಬಡಗಿಯನ್ನು ಕರೆಸಿ ಹಲಗೆ ಮಾಡು ಅಂದರೆ, "ಒಂಗೆ ಅಲ್ಗೆ ಯಾರಾರ ಮಾಡುಸ್ತಾರಾ, ಉಳ ತಿಂತದೆ" ಅಂದ. "ಅದ್ರ ಎಣ್ಣೇನೇ ಅದುಕ್ಕೆ ಬಳೀತೀನಿ, ನೀ ಮಾಡು" ಅಂದೆ. ಗುಂಡಿ ಆಳವಾಯಿತು. ಮಧ್ಯಾಹ್ನ ರಂಗ ಹಲಗೆ ತೆಗೆದಿಟ್ಟು ಕಾಲು ಚಾಚುತ್ತಾನೆ, ಬೆಳಿಗ್ಗೆ ಇವರು ಹಲಗೆಯನ್ನು ಕಾಲಡಿಗೆ, ಗುಂಡಿಯ ತಳಕ್ಕೆ ಹಾಕಿಕೊಂಡು ಕೂರುತ್ತಾರೆ.

ಮೊದಲ ದಿನ ಇವರು ಗುಂಡಿಗೆ ಇಳಿಯದೆ ಅಂಚಿನಲ್ಲೇ ನಿಂತರು. "ಅಣ್ಣನ್ ಮ್ಯಾಲೆ ಕಾಲ್ ಇಡದಾ ಸಾವಿತ್ರಿ?" ಅಂದರು. ಬಗ್ಗಿ ಹಲಗೆ ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡರು. ಇವತ್ತಿಗೂ ಸೂಜಿಗೆ ದಾರ ಪೋಣಿಸುವ ಕಣ್ಣು, ಅತ್ತೆಮ್ಮ. ಆಮೇಲೆ ಮೆಲ್ಲಗೆ ಪಾದ ಊರಿದರು.

ರಂಗನ ಹೆಂಡತಿ ಗೌರಿ, ಹನೂರಿನ ಹುಡುಗಿ, ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಅವಳನ್ನೂ ಬಂದ ದಿನವೇ ಹಿತ್ತಲಿಗೆ ಕರೆದುಕೊಂಡು ಹೋಗಿ ಹೊಂಗೆ ದೊಡ್ಡಮಾವನವರ ಮುಂದೆ ಸೆರಗು ಹೊದಿಸಿ ನಿಲ್ಲಿಸಿದ್ದೆ, ಅದನ್ನು ಬಿಡುತ್ತೇನೆಯೇ? ಅವಳು ನನ್ನ ಹತ್ತಿರ ಬಂದು ಪಿಸುಗುಟ್ಟಿದಳು, "ಅತ್ತೆಮ್ಮಾ, ಇನ್ಮ್ಯಾಲೆ ಪಡಸಾಲೇಲೂ ಸೆರ್ಗು ಒದ್ಕಬೇಕಾ?"

ಬಾಯಿ ಮುಚ್ಚದ ಸೊಸೆ ನನಗೂ ಸಿಕ್ಕಿದ್ದಾಳೆ. ಏನು ಉತ್ತರ ಕೊಡಲಿ, ನೀವೇ ಹೇಳಿ...

ನಿಮ್ಮ
ಸಾವಿತ್ರಿ